ಬೆನ್ನು ತಿರುಗಿಸಿ ಕೂರಿಸು

ಫೆಬ್ರವರಿ 9

ಅಪ್ಪಾ,

ಇದು ನಾಲ್ಕನೆಯ ಪತ್ರ. ಹಿಂದಿನ ಮೂರಕ್ಕೆ ನೀನು ಉತ್ತರ ಬರೆಯಲಿಲ್ಲ. ಹರಿದು ಹಾಕಿದೆಯೋ, ಒಡೆಯದೆ ಕಪಾಟಿನ ಮೇಲೆ ಎಸೆದೆಯೋ ಗೊತ್ತಿಲ್ಲ. ಫೋನು ಮಾಡೋಣವೆಂದರೆ ನಿನಗೆ ಫೋನು ಆಗುವುದಿಲ್ಲ. ಹಾಗಾಗಿ ಮತ್ತೆ ಪೆನ್ನು ಹಿಡಿದಿದ್ದೇನೆ. ನಾನು ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ನೀನು ಕ್ಷೇಮವೇ ಎಂದು ಕೇಳಿದರೆ ಸಿಟ್ಟಾಗುತ್ತೀಯ. ಎರಡನ್ನೂ ಬಿಟ್ಟು ಬೇರೆ ವಿಷಯ ಬರೆಯುತ್ತೇನೆ.

ಒಂದು ಬೆಕ್ಕಿನ ಮರಿ ಸಾಕಿದ್ದೇನೆ.

ಇಲ್ಲಿಯ ಗಿರಣಿಯ ದವಾಖಾನೆಯಲ್ಲಿ ಒಬ್ಬಳು ಆಯಾ ಇದ್ದಾಳೆ, ಅಮ್ಮನ ವಯಸ್ಸಿನವಳು. ಹತ್ತಿಯ ಬೇಲುಗಳ ಸಂದಿಯಲ್ಲಿ ಸಿಕ್ಕಿತು ಅಂತ ಮರಿಯನ್ನು ಜೇಬಿನಲ್ಲಿ ಹಾಕಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. "ತಗೋಳಮ್ಮ, ಒಂಟಿ ಇದ್ದೀಯ. ಮನೇಲಿ ಬೈಯೋದಕ್ಕಾದ್ರೂ ಒಂದು ಜೀವ ಬೇಕಲ್ಲ" ಅಂದಳು. ಬಿಳೀ ಮರಿ. ಒಂದು ಬೊಗಸೆ ತುಂಬುವುದಿಲ್ಲ. ಕಣ್ಣು ನೀಲಿ, ಶಾಯಿಯ ಹನಿ ಬಿದ್ದಂತೆ.

ನನಗೇನು ಗೊತ್ತು ಬೆಕ್ಕು ಸಾಕುವುದು? ಮೊದಲ ದಿನವೇ ಬಟ್ಟಲು ತುಂಬ ಹಾಲು ಇಟ್ಟೆ. ಅದು ಕುಡಿದು, ನನ್ನ ಬಿಳಿ ಕೋಟಿನ ಮೇಲೇ ಭೇದಿ ಮಾಡಿಕೊಂಡಿತು. ಪಶುವೈದ್ಯರ ಹತ್ತಿರ ಓಡಿದರೆ ಅವರು ಮರಿಯನ್ನು ಬಿಟ್ಟು ನನ್ನನ್ನು ನೋಡಿದರು. "ಬೆಕ್ಕಿಗೆ ಹಾಲು ಕೊಡಿ ಅಂತ ನಿಮಗೆ ಹೇಳಿದ್ದು ಯಾರು, ಒಂದನೇ ಕ್ಲಾಸಿನ ಚಿತ್ರದ ಪುಸ್ತಕವಾ?" ಅಂದರು. ಈಗ ಬೇಯಿಸಿದ ಮೀನು, ಮುಳ್ಳು ತೆಗೆದು. ಬಾಗಿಲ ಮೂಲೆಯಲ್ಲಿ ಮರಳು ತುಂಬಿದ ರಟ್ಟಿನ ಪೆಟ್ಟಿಗೆ. ಮರಳಿಗೆ ಬಿಟ್ಟು ಉಳಿದೆಲ್ಲ ಕಡೆ ಹೋಗುತ್ತದೆ.

ಅಮ್ಮನಿಗೆ ಬೆಕ್ಕು ಸಾಕುವ ಆಸೆಯಿತ್ತು, ನೆನಪಿದೆಯಾ? ನಿನ್ನ ಅಂಗಿಗೆ ಬೆಕ್ಕಿನ ಕೂದಲು ಅಂಟಿ, ಅಂಗಿಯಿಂದ ನೂಲಿಗೆ ಹತ್ತುತ್ತದೆ ಎಂದು ನೀನು ಬೇಡ ಅಂದಿದ್ದೆ.

ಎರಡು ಸಾಲು ಬರೆ. ಬೈದೇ ಬರೆ.

ಇಂತಿ,
ನಿನ್ನ ಮಗಳು

*

ಫೆಬ್ರವರಿ 21

ಗಿರಣಿ ದವಾಖಾನೆಯ ಶ್ರವಣ ಪರೀಕ್ಷಕಿಯವರಿಗೆ,

"ನಿನಗೆ ಫೋನು ಆಗುವುದಿಲ್ಲ" ಎಂದು ಬರೆದಿದ್ದೀರಿ. ಯಾಕೆ ಆಗುವುದಿಲ್ಲ? ಫೋನು ಕಂಡರೆ ನನಗೆ ಜ್ವರ ಬರುತ್ತದೆಯೆ? ಕೈ ಸುಡುತ್ತದೆಯೆ? ಒಂದು ಪದ ಬರೆಯಲಿಕ್ಕೆ ಹೆದರಿ ವಾಕ್ಯವನ್ನೇ ಸುತ್ತು ಬಳಸಿದ್ದೀರಿ. ಕಿವುಡ. ಮೂರೇ ಅಕ್ಷರ. ಅಭ್ಯಾಸ ಮಾಡಿಕೊಳ್ಳಿ. "ಸಾಮಾನ್ಯ" ಎಂಬುದೂ ಮೂರೇ ಅಕ್ಷರ, ಅದನ್ನು ನಲವತ್ತೊಂದು ಸಲ ಬರೆಯುವಾಗ ನಿಮ್ಮ ಕೈ ಎಲ್ಲೂ ನಡುಗಿರಲಿಲ್ಲ.

ನಿಮಗೆ ಮರೆತಿರಬಹುದು, ನೆನಪಿಸುತ್ತೇನೆ. ನಾನು ಮೂವತ್ತೊಂದು ವರ್ಷ ಮಗ್ಗಗಳ ಷೆಡ್ಡಿನಲ್ಲಿ ನಿಂತವನು. ಇನ್ನೂರು ಮಗ್ಗ ಒಟ್ಟಿಗೆ ಓಡುವ ಷೆಡ್ಡು. ಅಲ್ಲಿ ಪಕ್ಕದವನ ಬಾಯಿಗೆ ಕಿವಿ ಇಟ್ಟರೂ ಮಾತು ಕೇಳುವುದಿಲ್ಲ. ಹತ್ತು ವರ್ಷಕ್ಕೆ ಒಂದು ಕಿವಿ, ಇಪ್ಪತ್ತಕ್ಕೆ ಇನ್ನೊಂದು. ನಾಲ್ಕು ವರ್ಷದ ಹಿಂದೆ ಸರ್ಕಾರದ ಇನ್‌ಸ್ಪೆಕ್ಟರು ನೇಕಾರರ ಕಿವಿ ಪರೀಕ್ಷೆಯ ವರದಿ ಕೇಳಿದರು. ಕಂಪನಿ ದವಾಖಾನೆಯಲ್ಲಿ ಯಂತ್ರ ತಂದಿಟ್ಟಿತು. ಯಂತ್ರದ ಮುಂದೆ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಕೂತಳು. ನಲವತ್ತೊಂದು ಜನರ ಚೀಟಿಯಲ್ಲಿ "ಎರಡೂ ಕಿವಿ ಸಾಮಾನ್ಯ" ಎಂದು ಬರೆದು ಸಹಿ ಹಾಕಿದಳು. ಅವಳ ಕೈ ಹಿಡಿದು ಆ ಅಕ್ಷರ ತಿದ್ದಿಸಿದವನು ನಾನು. "ಸಾ" ಬರೆಯುವಾಗ ಕೊನೆಯ ಸುಳಿಯನ್ನು ಈಗಲೂ ನಾನು ಕಲಿಸಿದ ಹಾಗೆಯೇ ಎಳೆಯುತ್ತಾಳೆ.

ಆಮೇಲೆ ಏನಾಯಿತು? ಮೇಸ್ತ್ರಿ ಹಿಂದಿನಿಂದ ಕೂಗಿದ, ಇವರು ತಿರುಗಲಿಲ್ಲ. ಕಿವಿ ಸರಿಯಿದ್ದೂ ತಿರುಗಲಿಲ್ಲವೆಂದರೆ ಅದು ಅಹಂಕಾರ, ಅವಿಧೇಯತೆ. ಒಬ್ಬೊಬ್ಬರನ್ನಾಗಿ ನಲವತ್ತೊಂದು ಜನರನ್ನೂ ಗೇಟಿನಾಚೆ ಹಾಕಿದರು. ಈಗ ನಮ್ಮ ಸಂಘ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿದೆ. ನಮಗೆ ಬೇಕಾದದ್ದು ಒಂದೇ: ಇವರ ಕಿವಿ ನಮ್ಮ ಷೆಡ್ಡಿನಲ್ಲಿ ಹೋಯಿತು ಎಂದು ಕಂಪನಿ ಬರೆದು ಸಹಿ ಹಾಕಬೇಕು, ಒಳಗಿರುವ ಹುಡುಗರ ಕಿವಿಯನ್ನಾದರೂ ಉಳಿಸಬೇಕು. ಕಂಪನಿಯ ವಕೀಲ ನಮ್ಮ ಮುಂದೆ ಹಿಡಿಯುವುದು ನಿಮ್ಮ ನಲವತ್ತೊಂದು ಚೀಟಿಗಳನ್ನು.

ಬೆಕ್ಕಿನ ವಿಷಯಕ್ಕೂ ನನಗೂ ಸಂಬಂಧವಿಲ್ಲ. ಮೀನಿನ ಮುಳ್ಳನ್ನು ಕಣ್ಣಲ್ಲಿ ನೋಡಿ ತೆಗೆದರೆ ಸಾಲದು, ಬೆರಳಲ್ಲಿ ಹಿಸುಕಿ ನೋಡಬೇಕು. ಅಷ್ಟೇ.

ಇಂತಿ,
ಟೋಕನ್ ಸಂಖ್ಯೆ 212
ಎರಡೂ ಕಿವಿ ಸಾಮಾನ್ಯ

*

ಮಾರ್ಚ್ 6

ಅಪ್ಪಾ,

"ನೀವು" ಅನ್ನಬೇಡ. ಬೈಯುವುದಿದ್ದರೆ ಏಕವಚನದಲ್ಲೇ ಬೈ. ನನಗೂ ಬೈಯಲು ಬರುತ್ತದೆ, ನಿನ್ನ ಮಗಳೇ ತಾನೆ.

ಆಗ ನನಗೆ ಇಪ್ಪತ್ತೆರಡು. ಕೆಲಸಕ್ಕೆ ಸೇರಿ ಎರಡನೆಯ ವಾರ. ಗಿರಣಿಯ ಡಾಕ್ಟರು ನನ್ನ ಕುರ್ಚಿಯ ಹಿಂದೆ ನಿಂತಿರುತ್ತಿದ್ದರು. ಪರೀಕ್ಷೆ ಎಂದರೆ ಏನು ಎಂದು ನಿನಗೂ ಗೊತ್ತು: ಕಿವಿಗೆ ಹೆಡ್‌ಫೋನು, ನಾನು ಗುಂಡಿ ಒತ್ತಿದರೆ ಅದರೊಳಗೆ ಸಣ್ಣ ಶಬ್ದ, ಕೇಳಿಸಿದರೆ ನೀವು ಬೆರಳೆತ್ತಬೇಕು. ಬೆರಳೆತ್ತಿದ್ದು ಯಾರು? ನಾನಾ? ನಲವತ್ತೊಂದು ಜನರೂ ಎತ್ತಿದಿರಿ. ನೀನೂ ಎತ್ತಿದೆ. ಪ್ರತಿ ಶಬ್ದಕ್ಕೂ ಎತ್ತಿದೆ. ನಾನು ಅದನ್ನೇ ಬರೆದೆ. ನಾಲ್ಕು ವರ್ಷದಿಂದ ನನ್ನೊಬ್ಬಳನ್ನೇ ನೇಣಿಗೆ ಹಾಕುತ್ತಿದ್ದೀಯಲ್ಲ, ಆ ಬೆರಳಿಗೆ ಏನು ಶಿಕ್ಷೆ ಕೊಟ್ಟೆ?

ಸಾಕು. ಇದನ್ನು ಬರೆಯಲು ಕೂತರೆ ಕೈ ಬಿಸಿಯಾಗುತ್ತದೆ.

ಮರಿಗೆ "ಮೇಡಂ" ಎಂದು ಹೆಸರಿಟ್ಟಿದ್ದೇನೆ. ಅಷ್ಟು ಜಂಭ ಅದಕ್ಕೆ. ಕೂಗಿ ಕೂಗಿ ಗಂಟಲು ಕಟ್ಟಿದರೂ ತಿರುಗಿ ನೋಡುವುದಿಲ್ಲ. ಮನಸ್ಸು ಬಂದರೆ, ಎದುರಿಗೆ ಹೋಗಿ ಕೈ ಚಾಚಿದರೆ, ಮಹಾರಾಣಿಯ ಹಾಗೆ ಎದ್ದು ಬರುತ್ತದೆ. ಕುಕ್ಕರು ನಾಲ್ಕು ಸಲ ಕೂಗಿದರೂ ಅದರ ಪಕ್ಕದಲ್ಲೇ ಹೊಟ್ಟೆ ಮೇಲೆ ಮಾಡಿ ಮಲಗಿರುತ್ತದೆ. ಮುದ್ದು ಬಂದು ಹಿಂದಿನಿಂದ ಬೆನ್ನು ಸವರಿದರೆ ಒಂದು ಅಡಿ ಮೇಲಕ್ಕೆ ಹಾರಿ ಕಚ್ಚುತ್ತದೆ. ನನ್ನ ಎರಡೂ ಮುಂಗೈ ನೋಡಬೇಕು ನೀನು, ಮುಳ್ಳುಬೇಲಿಗೆ ಬಿದ್ದವಳ ಹಾಗಿದೆ. ಇನ್ನು ಅದರ ಕೂಗೋ, ಪಾಳಿ ಬಿಡುವ ಸೈರನ್ನು. ಅಂಗೈಯಷ್ಟು ದೇಹದಲ್ಲಿ ಅಷ್ಟು ದೊಡ್ಡ ಗಂಟಲು ಎಲ್ಲಿಟ್ಟುಕೊಂಡಿದೆಯೋ. ಪಕ್ಕದ ಮನೆಯವರು ಬಂದು, ಏನಮ್ಮ, ಹೊಡೀತೀಯಾ ಅದನ್ನು, ಎಂದು ಕೇಳಿ ಹೋದರು.

ಒಂದು ವಿಚಿತ್ರ. ಎಷ್ಟು ಕರೆದರೂ ಬಾರದ್ದು, ತಟ್ಟೆಯನ್ನು ನೆಲಕ್ಕೆ ಕುಕ್ಕಿ ಇಟ್ಟರೆ ಸಾಕು, ಮಂಚದಡಿಯಿಂದ ಬಾಣದ ಹಾಗೆ ಬರುತ್ತದೆ. ಹೊಟ್ಟೆಯ ವಿಷಯಕ್ಕೆ ಮಾತ್ರ ಕಿವಿ ಚುರುಕು.

ಮುಳ್ಳನ್ನು ಬೆರಳಲ್ಲಿ ಹಿಸುಕಿಯೇ ತೆಗೆಯುತ್ತಿದ್ದೇನೆ.

ಇಂತಿ,
ಮಗಳು

*

ಮಾರ್ಚ್ 17

ಮಗಳೇ ಎಂದು ಬರೆಯಲು ಇನ್ನೂ ಮನಸ್ಸಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಿನ್ನ ಬೆಕ್ಕಿಗೆ ಜಂಭವೂ ಇಲ್ಲ, ಮಣ್ಣೂ ಇಲ್ಲ. ಅದು ಕಿವುಡು.

ಪತ್ರವನ್ನು ಮೂರು ಸಲ ಓದಿದೆ. ನೀನು ಬೆಕ್ಕಿನ ಬಗ್ಗೆ ಬರೆದಿದ್ದೀಯೋ ನನ್ನ ಬಗ್ಗೆಯೋ ಎಂದು ಅನುಮಾನ ಬಂತು. ಕೂಗಿದರೆ ತಿರುಗುವುದಿಲ್ಲ: ಇದೇ ಮಾತನ್ನು ನನ್ನ ಮೇಲಿನ ಆರೋಪಪಟ್ಟಿಯಲ್ಲಿ ಬರೆದಿದ್ದಾರೆ. ಹಿಂದಿನಿಂದ ಮುಟ್ಟಿದರೆ ಹಾರಿ ಬೀಳುತ್ತದೆ: ನಿನ್ನ ಅಮ್ಮ ಭುಜ ಮುಟ್ಟಿದಾಗಲೆಲ್ಲ ನಾನು ಸಿಡಿದಿದ್ದೇನೆ. ಕೊನೆಕೊನೆಗೆ ಅವಳು ಕೈಯಲ್ಲಿ ಬಿಸಿ ಪಾತ್ರೆ ಇದ್ದರೂ ಸುತ್ತು ಹಾಕಿ ನನ್ನ ಎದುರಿಗೆ ಬಂದು ನಿಲ್ಲುತ್ತಿದ್ದಳು. ಸೈರನ್ನಿನ ಹಾಗೆ ಕೂಗುತ್ತದೆ: ತನ್ನ ದನಿ ತನಗೇ ಕೇಳದವರು ಎಷ್ಟು ಕೂಗಿದರೆ ಸಾಕು ಎಂದು ಹೇಗೆ ಅಳೆಯಬೇಕು? ನಾನು ಒಂದು ಲೋಟ ನೀರು ಕೇಳಿದರೂ ಬೀದಿಯವರು ಗಂಡ ಹೆಂಡತಿ ಜಗಳ ಎಂದು ಕಿಟಕಿ ತೆಗೆಯುತ್ತಿದ್ದರು. ತಟ್ಟೆ ಕುಕ್ಕಿದರೆ ಬರುವುದು ಹೊಟ್ಟೆಬಾಕತನದಿಂದಲ್ಲ. ನೆಲ ಅದಕ್ಕೆ ಹೇಳುತ್ತದೆ.

ಸಾವಿರ ಕಿವಿಗೆ ಯಂತ್ರ ಇಟ್ಟವಳು ನೀನು. ನಿನ್ನ ದಿಂಬಿನ ಮೇಲೆ ಮಲಗುವ ಕಿವುಡು ಒಂದು ತಿಂಗಳಾದರೂ ನಿನಗೆ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆಗಲೂ ಈಗಲೂ ನೀನು ಎದುರಿಗೆ ನಿಂತೇ ಪರೀಕ್ಷಿಸುತ್ತೀಯ.

ಬೆರಳೆತ್ತಿದ್ದು ಯಾರು ಎಂದು ಕೇಳಿದ್ದೀಯ. ನಾವೇ. ಯಾಕೆ ಎತ್ತಿದೆವು ಎಂದು ಕೇಳಿದ್ದೀಯಾ? ಷೆಡ್ಡಿನಲ್ಲಿ ಬದುಕಿದವರು ಕಿವಿಯಿಂದ ಬದುಕಿದವರಲ್ಲ. ತುಟಿ ನೋಡಿ, ಹುಬ್ಬು ನೋಡಿ, ಕೈ ನೋಡಿ ಬದುಕಿದವರು. ಅಂಥವರನ್ನು ಗಾಜಿನಾಚೆ ನಿನ್ನ ಮುಖಕ್ಕೆ ಮುಖ ಮಾಡಿ ಕೂರಿಸಿದಿರಿ. ನಿನ್ನ ಕೈ ಗುಂಡಿಯ ಮೇಲೆ ಕಾಣುತ್ತಿತ್ತು. ಕೈ ಒತ್ತಿತು, ನಾವು ಬೆರಳೆತ್ತಿದೆವು. ಕಿವಿ ಹೋಗಿದೆ ಎಂದು ಗೊತ್ತಾದರೆ ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆ. ಡಾಕ್ಟರನಿಗೇ ಟೋಪಿ ಹಾಕಿದೆವು ಎಂದು ಹೊರಗೆ ಬಂದು ನಕ್ಕೆವು. ಆ ನಗುವಿಗೆ ಈಗ ಬೆಂಕಿ ಬೀಳಲಿ.

ಇನ್ನೊಂದು ಮಾತು. ನಾಲ್ಕು ವರ್ಷದಿಂದ ಬರೆದಿಲ್ಲ, ಈಗ ಬರೆದುಬಿಡುತ್ತೇನೆ.

ಅಮ್ಮ ಅಡುಗೆಮನೆಯಲ್ಲಿ ಜಾರಿ ಬಿದ್ದ ಬೆಳಿಗ್ಗೆ ನಾನು ಆ ಕಡೆಗೆ ಬೆನ್ನು ಹಾಕಿ ಪೇಪರು ಓದುತ್ತಿದ್ದೆ. ಅವಳ ಸೊಂಟ ಮುರಿದಿತ್ತು. ಎಷ್ಟು ಸಲ ಕರೆದಳೋ. ನಾನು ಕೊನೆಯ ಪುಟದ ಆಟದ ಸುದ್ದಿಯವರೆಗೆ ಓದಿ, ಮಡಿಸಿಟ್ಟು, ಕಾಫಿ ಆಯಿತೇನೇ ಎಂದು ತಿರುಗಿದೆ. ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ನೀನು ಅಲ್ಲಿಗೆ ಬಂದು ತಲುಪುವ ಮೊದಲು ನಿನ್ನ ಸೋದರಮಾವ ವರಾಂಡದಲ್ಲಿ ನನ್ನ ಎದುರು ನಿಂತು ಒಂದು ಮಾತು ಕೇಳಿದ. ಅವನ ತುಟಿ ಬಹಳ ಸ್ಪಷ್ಟ. "ಕಿವಿ ಸರಿ ಇದೆ ಅಂತ ನಿಮ್ಮ ಮಗಳೇ ಬರೆದುಕೊಟ್ಟಿದ್ದಾಳಲ್ಲ ಭಾವ. ಹಾಗಾದ್ರೆ ಕೇಳಿಸ್ಕೊಂಡೇ ಕೂತಿದ್ರಾ?"

ನನ್ನ ಹತ್ತಿರ ಉತ್ತರವಿತ್ತು. ಅವನ ಹತ್ತಿರ ನಿನ್ನ ಚೀಟಿಯಿತ್ತು.

ಈಗ ಹೋಗು. ಬೆಕ್ಕನ್ನು ಬೆನ್ನು ತಿರುಗಿಸಿ ಕೂರಿಸು. ನಿನ್ನ ನೆರಳೂ ಅದಕ್ಕೆ ಕಾಣಬಾರದು. ಹಿಂದಿನಿಂದ ಒಂದು ತಟ್ಟೆ ಬಡಿ, ತಟ್ಟೆಯನ್ನು ಕೈಯಲ್ಲಿ ಎತ್ತಿ ಹಿಡಿದು, ನೆಲಕ್ಕೆ ತಾಗಿಸದೆ. ಆಮೇಲೆ ಕಾಲಿಂದ ನೆಲವನ್ನು ಒಂದು ಸಲ ತುಳಿ. ಏನಾಯಿತು ಎಂದು ಬರೆ. ಈ ಸಲ ಆದದ್ದನ್ನು ಬರೆ.

ಇಂತಿ,
212

*

ಮಾರ್ಚ್ 27

ಅಪ್ಪಾ,

ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿತ್ತು. ಮರಿ ಅದನ್ನು ನೋಡುತ್ತ ಕೂತಿತ್ತು, ನನಗೆ ಬೆನ್ನು ಹಾಕಿ. ಸ್ಟೀಲ್ ತಟ್ಟೆ ಎತ್ತಿ ಹಿಡಿದು ಸೌಟಿನಿಂದ ಬಡಿದೆ. ತಿರುಗಲಿಲ್ಲ. ಹತ್ತಿರ ಹೋಗಿ ಬಡಿದೆ. ಕಿವಿಯ ತುದಿಯೂ ಅಲ್ಲಾಡಲಿಲ್ಲ. ಪಕ್ಕದ ಮನೆಯವರು ಓಡಿ ಬಂದರು, ಮೇಲಿನ ಮನೆಯವರು ಬಗ್ಗಿ ನೋಡಿದರು, ಬೀದಿಯ ನಾಯಿ ಬೊಗಳಿತು. ಎಲ್ಲರಿಗೂ ಕೇಳಿಸಿತು. ಅದು ಇರುವೆ ನೋಡುತ್ತಿತ್ತು.

ಕಾಲಿಂದ ತುಳಿದೆ. ತಕ್ಷಣ ತಿರುಗಿತು. ನನ್ನನ್ನು ನೋಡಿತು. ಬಾಲ ಎತ್ತಿಕೊಂಡು ಬಂದಿತು.

ತಟ್ಟೆ ಕೆಳಗಿಟ್ಟು ಅದನ್ನು ಎತ್ತಿಕೊಂಡೆ. ಒಂದು ತಿಂಗಳು ಅದನ್ನು ಜಂಭಗಾತಿ ಎಂದು ಬೈದಿದ್ದೆ. ಎರಡು ಸಲ ಹೊಡೆದೂ ಇದ್ದೆ, ನಿನಗೆ ಬರೆದಿರಲಿಲ್ಲ. ಪಶುವೈದ್ಯರನ್ನು ಕೇಳಿದೆ. ಬಿಳಿ ಮೈ, ನೀಲಿ ಕಣ್ಣು ಇದ್ದರೆ ಬಹಳಷ್ಟಕ್ಕೆ ಹುಟ್ಟಿನಿಂದಲೇ ಕೇಳುವುದಿಲ್ಲ ಎಂದರು. ನಿಮಗೆ ಗೊತ್ತಿರುತ್ತದೆ ಅಂದುಕೊಂಡೆ, ಕಿವಿಯ ಕೆಲಸದವರಲ್ಲವಾ, ಎಂದೂ ಸೇರಿಸಿದರು. ತಲೆ ತಗ್ಗಿಸಿ ಬಂದೆ.

ಆದದ್ದನ್ನು ಬರೆ ಅಂದೆಯಲ್ಲ, ಬರೆಯುತ್ತೇನೆ.

ನಮಗೆ ತರಬೇತಿಯಲ್ಲಿ ಮೊದಲು ಕಲಿಸುವುದೇ ಅದು. ಪರೀಕ್ಷೆಗೆ ಬಂದವರನ್ನು ಬೆನ್ನು ತಿರುಗಿಸಿ ಕೂರಿಸು, ನಿನ್ನ ಕೈ ಅವರಿಗೆ ಕಾಣಬಾರದು. ನಾನು ಕುರ್ಚಿಯನ್ನು ಹಾಗೆಯೇ ಇಟ್ಟಿದ್ದೆ. ಡಾಕ್ಟರು ಬಂದು ಕುರ್ಚಿ ತಿರುಗಿಸಿದರು. "ಮುಖ ನೋಡ್ಕೊಂಡು ಕೂತ್ರೆ ಅವರಿಗೂ ಧೈರ್ಯ ಇರುತ್ತಮ್ಮ" ಎಂದರು. ಆ ದಿನ ನಾನು ನಂಬಿದೆ. ಮಾರನೆಯ ದಿನ ಅನುಮಾನ ಬಂತು. ಗುಂಡಿ ಒತ್ತದೆ, ಬರೀ ಕೈ ಅಲ್ಲಾಡಿಸಿದೆ. ಶಬ್ದವೇ ಇಲ್ಲ. ಗಾಜಿನಾಚೆ ಬೆರಳು ಎದ್ದಿತು. ಮತ್ತೆ ಅಲ್ಲಾಡಿಸಿದೆ. ಮತ್ತೆ ಎದ್ದಿತು.

ಅದು ಯಾರ ಬೆರಳು ಎಂದು ಕೇಳಬೇಡ.

ಡಾಕ್ಟರಿಗೆ ಹೇಳಿದೆ, ಅಪ್ಪಾ. ಹೇಳಿದ್ದೇನೆ. ಅವನು ಕನ್ನಡಕ ಒರೆಸುತ್ತ ಹೇಳಿದ, "ಕೇಳಿಸ್ತು ಅಂತ ಅವರೇ ಹೇಳ್ತಿರುವಾಗ, ಇಲ್ಲ ಕೇಳಿಸ್ಲಿಲ್ಲ ಅನ್ನೋಕೆ ನೀನ್ಯಾರಮ್ಮ?" ನನ್ನ ಕುರ್ಚಿಗೆ ವಾಪಸು ಹೋದೆ. ಉಳಿದ ಚೀಟಿಗಳಿಗೂ ಸಹಿ ಹಾಕಿದೆ. ತಿಂಗಳೊಪ್ಪತ್ತಿನಲ್ಲಿ ನನ್ನನ್ನು ಕಂಪನಿಯ ಈ ಊರಿನ ಗಿರಣಿಗೆ ವರ್ಗ ಮಾಡಿದರು.

ಮಾವ ಹಾಗೆ ಕೇಳಿದ್ದು ನನಗೆ ಗೊತ್ತಿರಲಿಲ್ಲ. ಅಂತ್ಯಕ್ರಿಯೆಯ ದಿನ ನೀನು ನನ್ನ ಮುಖ ನೋಡಲಿಲ್ಲ. ಯಾಕೆಂದು ಇವತ್ತು ತಿಳಿಯಿತು.

ವಿಚಾರಣೆ ಯಾವಾಗ?

ಮಗಳು

*

ಏಪ್ರಿಲ್ 8

ವಿಚಾರಣೆ ಮೇ 12, ಬೆಳಿಗ್ಗೆ ಹನ್ನೊಂದಕ್ಕೆ. ನಮ್ಮ ವಕೀಲೆ ನಿನ್ನ ಹೆಸರಿಗೆ ಸಮನ್ಸು ಕಳಿಸುತ್ತಾಳೆ. ಸಮನ್ಸು ಬಂದಿದೆ ಎಂದು ಬರಬೇಡ. ಹೇಳುವುದಿದ್ದರೆ ಬಾ. ಅಲ್ಲಿಗೆ ಬಂದು ಡಾಕ್ಟರನ ಮುಖ ನೋಡಿ ನಾಲಿಗೆ ಒಣಗುವುದಿದ್ದರೆ ಅಲ್ಲೇ ಇರು. ಒಂದು ಸಲ ನಿನ್ನ ಅಕ್ಷರ ನಮ್ಮನ್ನು ಮುಗಿಸಿದೆ, ಎರಡನೆಯ ಸಲ ನಿನ್ನ ಬಾಯಿ ಮುಗಿಸುವುದು ಬೇಡ.

ನೀನು ಡಾಕ್ಟರನಿಗೆ ಹೇಳಿದ್ದೆ ಎಂಬುದನ್ನು ಓದಿದೆ. ಅವನಿಗೆ ಹೇಳಿದೆ. ನನಗೆ ಯಾಕೆ ಹೇಳಲಿಲ್ಲ? ಒಂದೇ ಮನೆಯಲ್ಲಿ ಒಂದೇ ಪಾತ್ರೆಯಿಂದ ಉಂಡೆವು ಆ ಸಂಜೆ. ನಿನ್ನ ತುಟಿ ಅಲ್ಲಾಡಿದ್ದರೆ ನಾನು ಓದುತ್ತಿರಲಿಲ್ಲವೆ?

ನಿನ್ನ ಪತ್ರವನ್ನು ಸಂಘದ ಕಚೇರಿಯಲ್ಲಿ ಓದುವಾಗ ದುರ್ಬೀನು ಭುಜದ ಮೇಲಿಂದ ಇಣುಕಿದ. ನೆನಪಿದೆಯಲ್ಲ, ಷೆಡ್ಡಿನ ಆ ತುದಿಯವನ ತುಟಿಯನ್ನು ಈ ತುದಿಯಿಂದ ಓದಿ ಆ ಅಡ್ಡಹೆಸರು ಪಡೆದನಲ್ಲ, ಅವನೇ. ಬೆಕ್ಕಿನ ಭಾಗ ಓದಿ, ಅದನ್ನೂ ಸಂಘಕ್ಕೆ ಸೇರಿಸಿಕೊಳ್ಳೋಣ, ನಲವತ್ತೆರಡನೆಯ ಸದಸ್ಯ, ಅದರ ಚೀಟಿಯಲ್ಲೂ ನಿನ್ನ ಮಗಳು ಸಾಮಾನ್ಯ ಅಂತ ಬರೆದಿದ್ದಾಳಾ ಕೇಳು, ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮೇಡಂ ಎಂಬ ಹೆಸರು ಬಿಡು. ಆರೋಪದ ಹೆಸರು ಅದು. ಬಾಣದ ಹಾಗೆ ಬರುತ್ತದೆ ಎಂದೆಯಲ್ಲ. ಮಗ್ಗದಲ್ಲಿ ನೂಲು ಹೊತ್ತು ಇತ್ತಿಂದತ್ತ ಅತ್ತಿಂದಿತ್ತ ಹಾಗೆ ಓಡುವುದು ಲಾಳಿ. ಲಾಳಿ ಎಂದು ಕರೆ. ಕರೆದರೆ ಕೇಳುವುದಿಲ್ಲ, ಆದರೂ ಹೆಸರು ನೆಟ್ಟಗಿರಬೇಕು.

ಕರೆಯುವ ಕ್ರಮ ಹೇಳಿಕೊಡುತ್ತೇನೆ. ಷೆಡ್ಡಿನಲ್ಲಿ ನಾವು ಸಾಲಿಗೊಂದು ಉದ್ದ ಹಲಗೆಯ ಮೇಲೆ ನಿಲ್ಲುತ್ತಿದ್ದೆವು. ಈ ತುದಿಯಲ್ಲಿ ತುಳಿದರೆ ಆ ತುದಿಯವನ ಅಂಗಾಲಿಗೆ ಗೊತ್ತಾಗುತ್ತಿತ್ತು. ಒಂದು ತುಳಿತ, ಇತ್ತ ನೋಡು. ಎರಡು, ನೂಲು ಹರಿದಿದೆ, ಓಡಿ ಬಾ. ಮೂರು, ಮೇಸ್ತ್ರಿ ಬಂದ. ಬೆಕ್ಕಿಗೆ ಎರಡನ್ನು ಊಟಕ್ಕೆ ಬಳಸು. ಮೂರು ತುಳಿದಾಗ ಮಂಚದಡಿಗೆ ತಳ್ಳಿ ಅಭ್ಯಾಸ ಮಾಡಿಸು. ದಿನವೂ ಒಂದೇ ಜಾಗದಲ್ಲಿ ತುಳಿ. ನಿದ್ದೆಯಲ್ಲಿದ್ದರೆ ಮುಟ್ಟಬೇಡ, ಹಾಸಿಗೆ ತಟ್ಟಿ ಎಬ್ಬಿಸು. ಹೊರಗೆ ಬಿಡಲೇಬೇಡ, ಗಾಡಿ ಬಂದರೆ ಗೊತ್ತಾಗುವುದಿಲ್ಲ.

ಹೊಡೆಯಬೇಡ. ಕೇಳದವರನ್ನು ಹೊಡೆದರೆ ಅವರಿಗೆ ಕೈ ಮಾತ್ರ ತಿಳಿಯುತ್ತದೆ, ತಪ್ಪು ತಿಳಿಯುವುದಿಲ್ಲ.

ವಿಚಾರಣೆಯ ಕೋಣೆ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿದೆ. ಮರದ ನೆಲ. ಗುಮಾಸ್ತ ಫೈಲು ಹಿಡಿದು ನಡೆದರೆ ನಮ್ಮ ಹೊಟ್ಟೆಯವರೆಗೆ ಗೊತ್ತಾಗುತ್ತದೆ. ಅಲ್ಲಿ ನಡೆಯುವ ಮಾತು ಮಾತ್ರ ಗೊತ್ತಾಗುವುದಿಲ್ಲ. ನಮ್ಮ ಬಗ್ಗೆಯೇ ಆಡುತ್ತಾರೆ, ನಮ್ಮ ಕಡೆ ಬೆನ್ನು ಹಾಕಿ.

212

*

ಏಪ್ರಿಲ್ 29

ಅಪ್ಪಾ,

ಆ ಡಾಕ್ಟರ ಇಲ್ಲಿಗೆ ಬಂದಿದ್ದ. ಕಂಪನಿಯ ವಕೀಲನೂ ಜೊತೆಗೆ. ಭಾನುವಾರ ಬೆಳಿಗ್ಗೆ, ನನ್ನ ಕೋಣೆಗೇ. ಕಿಟಕಿಯಲ್ಲಿ ಕಂಡ ಕೂಡಲೇ ಮೂರು ಸಲ ತುಳಿದೆ. ಲಾಳಿ ಮಂಚದಡಿಗೆ ಹೋಯಿತು. ಒಳಗೆ ಬರುತ್ತಲೇ, ಏನಮ್ಮ ಅದು ಸದ್ದು, ಎಂದ. ಇರುವೆ ಎಂದೆ.

ಎರಡೂ ಗಿರಣಿಯ ದವಾಖಾನೆಗಳಿಗೆ ನನ್ನನ್ನು ಮುಖ್ಯಸ್ಥೆ ಮಾಡುತ್ತಾರಂತೆ. ಹೇಳಿಕೆ ಟೈಪು ಮಾಡಿಕೊಂಡೇ ತಂದಿದ್ದರು: ಪರೀಕ್ಷೆ ನಿಯಮದಂತೆ ನಡೆಯಿತು, ಕುರ್ಚಿ ಸರಿಯಾಗಿತ್ತು. ಓದಿ ನೋಡುತ್ತೇನೆ ಎಂದೆ. ವಕೀಲ ಕೋಣೆಯನ್ನೆಲ್ಲ ಕಣ್ಣಾಡಿಸಿ ಮರಳಿನ ಪೆಟ್ಟಿಗೆ ನೋಡಿದ. "ಕ್ವಾರ್ಟರ್ಸಲ್ಲಿ ಪ್ರಾಣಿ ಸಾಕೋ ಹಾಗಿಲ್ಲ, ಗೊತ್ತಲ್ಲ ಮೇಡಂ?" ಎಂದ, ನಗುತ್ತ. ಈ ಸಾಲಿನ ಪ್ರತಿ ಮನೆಯಲ್ಲೂ ಗಿಳಿಯೋ ನಾಯಿಯೋ ಇದೆ. ಆ ನಿಯಮ ಇಷ್ಟು ವರ್ಷ ಯಾವ ಕಪಾಟಿನಲ್ಲಿ ಮಲಗಿತ್ತೋ.

ಹೇಳಿಕೆಯ ಕಾಗದ ಮೇಜಿನ ಮೇಲಿತ್ತು. ಮಧ್ಯಾಹ್ನ ನೋಡಿದರೆ ಲಾಳಿ ಅದರ ಮೇಲೆ ಕೂತು ಮೂಲೆ ಕಚ್ಚಿ ತೆಗೆದಿದೆ. ಬಿಡಿಸಲು ಹೋಗಲಿಲ್ಲ.

ಆ ಸಂಜೆ ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ನೀನು ಊಟಕ್ಕೆ ಕೂತವನು ಅಮ್ಮನಿಗೆ ಹೇಳುತ್ತಿದ್ದೆ, ನಮ್ಮ ಮಗಳ ಮುಂದೆ ಇಡೀ ಷೆಡ್ಡೇ ಸಾಲು ನಿಂತಿತ್ತು ಕಣೇ, ಎಂದು. ಬೀದಿಗೆಲ್ಲ ಕೇಳುವ ಹಾಗೆ. ಆ ಮುಖಕ್ಕೆ ನಾನು ಹೇಳಲಾರದೆ ಹೋದೆ.

ಬರುತ್ತೇನೆ ಎಂದೂ ಬರೆಯುವುದಿಲ್ಲ, ಬರುವುದಿಲ್ಲ ಎಂದೂ ಬರೆಯುವುದಿಲ್ಲ. ನಾನು ಬರೆದದ್ದನ್ನು ನೀನು ನಂಬಬೇಕಾಗಿಲ್ಲ.

ಮಗಳು

*

ಮೇ 14

ಮಗಳೇ,

ನೀನು ಸಾಕ್ಷಿ ಹೇಳಿ ಹಾಗೆಯೇ ಬಸ್ಸು ಹತ್ತಿದೆ. ಬೆಕ್ಕು ಒಂಟಿ ಇದೆ ಎಂದು ಅವಸರ ಮಾಡಿದಳು ಎಂದು ವಕೀಲೆ ಹೇಳಿದಳು. ನಾನು ನಿನ್ನ ಹತ್ತಿರ ಬರಲಿಲ್ಲ. ಬರಬೇಕೆಂದು ಕಾಲು ಎದ್ದಿತ್ತು, ಸಿಟ್ಟು ಕೂರಿಸಿತು. ಕಟಕಟೆಯಲ್ಲಿದ್ದ ನಿನಗೆ ನಮ್ಮ ಪಾಲಿಗೆ ಏನಾಯಿತೆಂದು ತಿಳಿದಿರಲಾರದು, ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿಯ ವಕೀಲ ಚೀಟಿಗಳನ್ನು ಬೀಸಣಿಗೆಯ ಹಾಗೆ ಹರಡಿ ಹಿಡಿದು, ಇವರೇ ಬೆರಳೆತ್ತಿದ್ದಾರೆ ಎನ್ನುವುದನ್ನು ದುರ್ಬೀನು ನಮಗೆಲ್ಲ ಓದಿ ಹೇಳುತ್ತಿದ್ದ. ನೀನು ಕುರ್ಚಿಯ ವಿಷಯ ಹೇಳಿದೆ. ಡಾಕ್ಟರ ತಿರುಗಿಸಿದ್ದನ್ನು ಹೇಳಿದೆ. ಆಮೇಲೆ ವಿಚಾರಣೆ ನಡೆಸುವ ಅಧಿಕಾರಿಯನ್ನು ಏನೋ ಕೇಳಿದೆ. ಅವನು ಆಗಲಿ ಎಂದು ತಲೆಯಾಡಿಸಿದ. ನಮ್ಮನ್ನೆಲ್ಲ ಎದ್ದು ಗೋಡೆಗೆ ಮುಖ ಮಾಡಿ ನಿಲ್ಲಲು ವಕೀಲೆ ಕೈಸನ್ನೆ ಮಾಡಿದಳು.

ನಲವತ್ತೊಂದು ಜನ ನಿನಗೆ ಬೆನ್ನು ಹಾಕಿ ನಿಂತೆವು. ಆ ಸುಣ್ಣದ ಗೋಡೆಯನ್ನು ನೋಡುತ್ತ ನಾನು ಅಂದುಕೊಂಡೆ, ಇವಳು ಈಗ ಏನು ಮಾಡುತ್ತಾಳೆ? ಏನೂ ಆಗಲಿಲ್ಲ. ನಮ್ಮ ಪಾಲಿಗೆ ಏನೂ ಆಗಲಿಲ್ಲ. ನೀನು ಅಧಿಕಾರಿಯ ಮೇಜಿನ ಗಂಟೆ ಎತ್ತಿ ಬಾರಿಸಿದ್ದು, ಚೀಲದಿಂದ ಸ್ಟೀಲ್ ತಟ್ಟೆ ತೆಗೆದು ಬಡಿದದ್ದು, ಗುಮಾಸ್ತ ಬೆಚ್ಚಿ ಪೆನ್ನು ಬೀಳಿಸಿದ್ದು, ಹೊರಗಿನ ಜವಾನ ಬಾಗಿಲು ತಳ್ಳಿಕೊಂಡು ಬಂದದ್ದು, ಎಲ್ಲವನ್ನೂ ಆಮೇಲೆ ವಕೀಲೆ ಬರೆದು ತೋರಿಸಿದಳು. ಒಂದು ತಲೆಯೂ ತಿರುಗಲಿಲ್ಲವಂತೆ.

ಆಮೇಲೆ ಅಂಗಾಲಿಗೆ ಬಂತು. ಒಂದು ತುಳಿತ. ಇತ್ತ ನೋಡು.

ನಲವತ್ತೊಂದು ಜನರೂ ಒಟ್ಟಿಗೆ ತಿರುಗಿದೆವು. ನಾಲ್ಕು ವರ್ಷದಿಂದ ಯಾರೂ ನಮ್ಮನ್ನು ಹಾಗೆ ಕರೆದಿರಲಿಲ್ಲ.

ವಕೀಲ ಕುಣಿದುಬಿಟ್ಟ. ನೋಡಿ ಸ್ವಾಮಿ, ಕೇಳಿಸ್ತು, ಕೇಳಿಸ್ತು ಎನ್ನುತ್ತಿದ್ದ. ದುರ್ಬೀನು ಅಷ್ಟು ದೂರದಿಂದ ಅವನ ತುಟಿ ಓದಿ, ಕಟ್ಟಡ ಅದುರುವ ಹಾಗೆ ಕೂಗಿ ಹೇಳಿದ, "ಕೇಳಿದ್ದು ಕಾಲು ಕಣಯ್ಯಾ. ಕಿವಿ ನಿಮ್ಮ ಷೆಡ್ಡಲ್ಲಿದೆ, ತಂದ್ಕೊಡಿ." ಅಧಿಕಾರಿ ಬಗ್ಗಿ ನಮ್ಮ ಕಾಲುಗಳನ್ನು ನೋಡಿದ. ಅರ್ಧದಷ್ಟು ಜನ ಚಪ್ಪಲಿ ಬಿಟ್ಟು ನಿಂತಿದ್ದೆವು, ಅಭ್ಯಾಸ. ಅವನು ಬಹಳ ಹೊತ್ತು ಬರೆದುಕೊಂಡ. ತೀರ್ಪು ಏನೋ ಗೊತ್ತಿಲ್ಲ. ಒಂದು ಸಲವಾದರೂ ನಮ್ಮ ಕಡೆ ಮುಖ ಮಾಡಿ ಬರೆದುಕೊಂಡ.

ಈಗ ನನ್ನ ಸಿಟ್ಟಿನ ವಿಷಯ. ಅದು ಇಳಿದಿಲ್ಲ. ಗುಂಡಿ ಒತ್ತದೆ ಕೈ ಅಲ್ಲಾಡಿಸಿದ್ದನ್ನು ಹೇಳಿದೆಯಂತೆ. ಬೆರಳು ಯಾರದೆಂದು ವಕೀಲ ಮೂರು ಸಲ ಕೇಳಿದರೂ ನೆನಪಿಲ್ಲ ಎಂದೆಯಂತೆ. ಸತ್ಯ ಹೇಳಲು ಬಂದವಳು ಅಲ್ಲೊಂದು ಸುಳ್ಳು ಇಟ್ಟು ಹೋದೆ. ಆ ಬೆರಳು ನನ್ನದು. ನನಗೆ ಗೊತ್ತಿತ್ತು, ನಿನ್ನ ಪತ್ರ ಓದುವ ಮೊದಲೇ ಗೊತ್ತಿತ್ತು. ಉಳಿದ ನಲವತ್ತು ಜನ ಕೆಲಸ ಹೋಗುತ್ತದೆಂದು ಹೆದರಿ ಎತ್ತಿದರು. ನಾನು ನಿನ್ನ ಹಿಂದೆ ಆ ಡಾಕ್ಟರ ನಿಂತದ್ದನ್ನು ನೋಡಿದೆ, ನಿನ್ನ ಹಣೆ ಬೆವೆತದ್ದನ್ನು ನೋಡಿದೆ. ಅಪ್ಪನೇ ತಪ್ಪಿದರೆ ಮಗಳಿಗೆ ಅವಮಾನ ಎಂದುಕೊಂಡೆ. ಎತ್ತಿದೆ. ನಾಲ್ಕು ವರ್ಷ ನಿನ್ನ ಅಕ್ಷರವನ್ನು ಬೈದದ್ದು ಆ ಬೆರಳನ್ನು ಜೇಬಿನಲ್ಲಿಟ್ಟುಕೊಂಡು. ಮುಂದಿನ ವಿಚಾರಣೆಗೆ ಕಟಕಟೆ ಹತ್ತಿ ನಾನೇ ಹೇಳುತ್ತೇನೆ. ನನ್ನನ್ನು ಉಳಿಸುವ ಕೆಲಸ ನಿನಗೆ ಯಾರೂ ಕೊಟ್ಟಿಲ್ಲ.

ಅಮ್ಮನ ವಿಷಯ ಹಾಗೆಯೇ ಇದೆ. ಅದಕ್ಕೆ ನ್ಯಾಯಾಲಯವಿಲ್ಲ. ನಿನ್ನ ಮಾವನಿಗೆ ಮಾತ್ರ ಒಂದು ಪತ್ರ ಹಾಕಿದ್ದೇನೆ, ಮುಂದಿನ ಸಲ ಬಂದು ಕೂತು ನೋಡು ಎಂದು.

ಸಾಕ್ಷಿ ಹೇಳಿದ ಮಾರನೆಯ ದಿನವೇ ಕ್ವಾರ್ಟರ್ಸು ಖಾಲಿ ಮಾಡಲು ನೋಟೀಸು ಅಂಟಿಸಿದರಂತೆ. ಆಯಾ ಸಂಘದ ಕಚೇರಿಗೆ ಫೋನು ಮಾಡಿ ಹೇಳಿದ್ದಾಳೆ. ನೀನು ಹೇಳಲಿಲ್ಲ. ಅದಕ್ಕೂ ಸಿಟ್ಟಿದೆ. ಬಾ ಎಂದು ಕರೆಯುವಷ್ಟು ನನ್ನ ಮನಸ್ಸು ಮೆತ್ತಗಾಗಿಲ್ಲ. ಆದರೆ ಲಾಳಿಯನ್ನು ಬೀದಿಯಲ್ಲಿ ಇಡುವಂತಿಲ್ಲ, ಗಾಡಿ ಬಂದರೆ ಅದಕ್ಕೆ ಕೇಳುವುದಿಲ್ಲ. ನೂಲಿಗೆ ಕೂದಲು ಹತ್ತುವ ಮಾತು ಈಗಿಲ್ಲ. ಮೂಲೆಯಲ್ಲಿ ಮರಳಿನ ಪೆಟ್ಟಿಗೆ ಇಟ್ಟಿದ್ದೇನೆ, ರಟ್ಟಿನದಲ್ಲ, ತಗಡಿನದು.

ಬಂದಾಗ ಬಾಗಿಲು ಬಡಿಯಬೇಡ. ನಾನು ಬಾಗಿಲಿಗೆ ಬೆನ್ನು ಹಾಕಿಯೇ ಕೂತಿರುತ್ತೇನೆ, ಕುರ್ಚಿ ತಿರುಗಿಸುವುದಿಲ್ಲ. ಹೊಸ್ತಿಲಿನಿಂದ ನನ್ನ ಕಾಲಿನವರೆಗೆ ಒಂದು ಹಲಗೆ ಹಾಸಿದ್ದೇನೆ.

ಒಂದು ಸಲ ತುಳಿ.

ಇಂತಿ,
ನಿನ್ನ ಅಪ್ಪ
ಕಿವುಡ